ಫ್ರಿಜ್ಜಿನಲ್ಲಿ ಇಲಿ, ಗಾಜಿನ ಪೆಟ್ಟಿಗೆಯಲ್ಲಿ ಹಾವು

ಕೊಪ್ಪಳ ತಾಲ್ಲೂಕಿನ ಅಳವಂಡಿಯಿಂದ ಹಿರಿಯ ಓದುಗರೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೊದಲ ಸಲ ಓದಿದಾಗ ನಗು ಬಂತು. ಎರಡನೆಯ ಸಲ ಓದಿದಾಗ ಬರಲಿಲ್ಲ.

ಸಂಗತಿ ಇಷ್ಟು. ಅವರೂ ಅವರ ಮನೆಯವರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೋಗಿದ್ದರು. ಎರಡೂವರೆ ವರ್ಷದ ಮೊಮ್ಮಗಳು, ಐದು ತಿಂಗಳ ಬಸುರಿ ಸೊಸೆ. ಅಜ್ಜಿ ಐಸ್ ತೆಗೆಯಲು ಫ್ರಿಜ್ಜಿನ ಮೇಲಿನ ಬಾಗಿಲು ತೆರೆದರೆ, ಹಸಿ ಬಟಾಣಿಯ ಚೀಲದ ಪಕ್ಕದಲ್ಲಿ ಇನ್ನೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಎಂಟು ಬಿಳಿ ಇಲಿಗಳು! 'ಇದೇನೋ ತಮ್ಮಾ, ಉಣ್ಣೋ ಪದಾರ್ಥದ ಮಗ್ಗಲಾಗ ಇಲಿ ಇಟ್ಟೀಯಲ್ಲೋ' ಎಂದು ಅವರು ಕೂಗಿಕೊಂಡರೆ, ಮಗ ನಗುತ್ತಾ ಕೋಣೆಯೊಳಗೆ ಕರೆದೊಯ್ದು ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದನಂತೆ. ಅದರಲ್ಲಿ ಸುರುಳಿ ಸುತ್ತಿ ಮಲಗಿದ್ದ ಮೂರೂವರೆ ಅಡಿಯ ಹಾವು.

ಪತ್ರದಲ್ಲಿ ಇರುವ ಪ್ರಶ್ನೆಗಳು ನಾಲ್ಕು. ಫ್ರಿಜ್ಜಿನ ಇಲಿಯಿಂದ ಮನೆಮಂದಿಗೆ ರೋಗ ಬರುವುದಿಲ್ಲವೆ? ಸತ್ತ ಇಲಿಗಿಂತ ನಮ್ಮ ಊರಿನ ಜೀವಂತ ಇಲಿ ಹಾವಿಗೂ ಒಳ್ಳೆಯದು, ಮನೆಗೂ ಶುದ್ಧ ಅಲ್ಲವೆ? ಇಲಿಯ ಗೊಡವೆಯೇ ಬೇಡ, ಹಾಲು ಕುಡಿಸಿದರೆ ಸಾಲದೆ? ಕೊನೆಯದು, 'ಹಾವಿಗೆ ಊಟ ಹಾಕುವವರಿಲ್ಲ, ಈ ಸಲ ಪಂಚಮಿಗೆ ಊರಿಗೆ ಬರುವುದಿಲ್ಲ' ಎನ್ನುತ್ತಿರುವ ಮಗನಿಗೆ ಏನು ಹೇಳಬೇಕು?

ಹಾವು ಸಾಕುವುದು ನಮ್ಮ ಪದ್ಧತಿಯಲ್ಲ, ಈ ಪ್ರಶ್ನೆಗಳು ನಮಗೇಕೆ ಎಂದು ನೀವು ಪುಟ ತಿರುಗಿಸಬೇಡಿ. ಬೆಂಗಳೂರಿನಂಥ ನಗರಗಳಲ್ಲಿ ವಿದೇಶಿ ಹಾವು ಸಾಕುವ ಹವ್ಯಾಸ ಈಗ ಹೊಸದೇನಲ್ಲ. ನಮ್ಮ ಊರುಗಳಲ್ಲಿ ಹಾವು ಸಾಕದಿದ್ದರೂ ಇಲಿ ಸಾಕದ ಮನೆ ಇಲ್ಲ! ಇಲಿಯ ವಿಚಾರವಾಗಿ ಇಲ್ಲಿ ಹೇಳುವ ಬಹಳಷ್ಟು ಮಾತು ಎಲ್ಲರ ಮನೆಗೂ ಸಲ್ಲುತ್ತದೆ.

ಮೊದಲು ಹಾಲಿನ ಮಾತು

ಮೂರನೆಯ ಪ್ರಶ್ನೆಗೆ ಉತ್ತರ ಸುಲಭ, ಅದನ್ನು ಮೊದಲು ಮುಗಿಸೋಣ. ಹಾವಿಗೆ ಹಾಲು ಆಹಾರವಲ್ಲ. ಹಾಲು ಸಸ್ತನಿಗಳ ಮರಿಗಳಿಗಾಗಿ ಇರುವುದು. ಹಾವು ಮೊಟ್ಟೆಯಿಂದ ಹೊರಬಂದ ದಿನದಿಂದಲೂ ಮಾಂಸಾಹಾರಿ. ಅದರ ಜೀರ್ಣಾಂಗ ಹಾಲನ್ನು ಅರಗಿಸಿಕೊಳ್ಳಲು ತಯಾರಾಗಿಲ್ಲ. ಹಾಗಾದರೆ ಪಂಚಮಿಯ ಹೊತ್ತಿಗೆ ಹಾವಾಡಿಗರ ಬುಟ್ಟಿಯ ನಾಗರಹಾವು ಬಟ್ಟಲಿನ ಹಾಲು ಕುಡಿಯುತ್ತಿದ್ದುದು ಸುಳ್ಳೆ? ಸುಳ್ಳಲ್ಲ. ಹಲವು ದಿನ ನೀರು ಕೊಡದೆ ಒಣಗಿಸಿದ ಹಾವು ದ್ರವರೂಪದ ಏನನ್ನು ಮುಂದಿಟ್ಟರೂ ಕುಡಿಯುತ್ತದೆ. ಕುಡಿದ ಹಾಲು ಕೆಲವೊಮ್ಮೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಹೊಟ್ಟೆ ಕೆಡುತ್ತದೆ. ಹಬ್ಬ ಮುಗಿದ ಮೇಲೆ ಆ ಹಾವುಗಳ ಗತಿ ಏನಾಗುತ್ತಿತ್ತೆಂದು ನಾವು ಯಾರೂ ವಿಚಾರಿಸುತ್ತಿರಲಿಲ್ಲ.

ಪಂಚಮಿಯ ಉಂಡಿ, ಅಳ್ಳು, ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳ ಸಂಭ್ರಮ ಇವುಗಳಿಗೆ ಈ ಮಾತಿನಿಂದ ಯಾವ ಕುಂದೂ ಇಲ್ಲ. ಕಲ್ಲು ನಾಗಪ್ಪನಿಗೆ ನಾಲ್ಕು ಹನಿ ಹಾಲೆರೆದು ಉಳಿದದ್ದನ್ನು ಮಕ್ಕಳಿಗೆ ಕುಡಿಸಿದರೆ ಹಾಲು ಸೇರಬೇಕಾದ ಹೊಟ್ಟೆಗೇ ಸೇರುತ್ತದೆ. ಕೆಲವು ಮಠಗಳೂ ಸಂಘಟನೆಗಳೂ ಬಸವ ಪಂಚಮಿ ಎಂಬ ಹೆಸರಿನಲ್ಲಿ ಶಾಲಾಮಕ್ಕಳಿಗೆ ಹಾಲು ಹಂಚುತ್ತಿವೆ. ಜೀವವಿರುವ ಹಾವಿನ ಹುತ್ತದ ಬಾಯಿಗೆ ಹಾಲು ಸುರಿಯುವುದು ಮಾತ್ರ ಬೇಡ. ಹಾಲು ಹುಳಿತು ಇರುವೆ ಮುತ್ತುತ್ತದೆ, ಅಷ್ಟೇ. ಕೈಯನ್ನು ಹುತ್ತದ ಬಾಯಿಯ ಹತ್ತಿರ ಒಯ್ಯುವ ಅಪಾಯ ಬೇರೆ.

ಹಾವುಗಳೆಲ್ಲ ಇಲಿಯನ್ನೇ ತಿನ್ನುತ್ತವೆ ಎಂದೂ ತಿಳಿಯಬೇಕಿಲ್ಲ. ಹೊಲದ ಬದುವಿನ ಕೆರೆಹಾವಿಗೆ ಇಲಿ, ಕಪ್ಪೆ ಎರಡೂ ಬೇಕು. ನೀರಹಾವು ಮೀನು, ಕಪ್ಪೆ ಹಿಡಿಯುತ್ತದೆ. ಹುಳುವಿನಷ್ಟು ಸಣ್ಣದಾದ ಕುರುಡು ಹಾವು ಇರುವೆ, ಗೆದ್ದಲುಗಳ ಮೊಟ್ಟೆ ತಿಂದು ಬದುಕುತ್ತದೆ. ಆಗುಂಬೆಯ ಕಡೆಯ ಕಾಳಿಂಗ ಸರ್ಪಕ್ಕೆ ಬೇರೆ ಹಾವುಗಳೇ ಊಟ. ನಮ್ಮ ಓದುಗರ ಮಗ ಸಾಕಿರುವುದು, ಪತ್ರದಲ್ಲಿನ ವರ್ಣನೆಯಿಂದ ಮತ್ತು ಹೆಸರಿನಿಂದ ಹೇಳುವುದಾದರೆ, ಬಾಲ್ ಪೈಥಾನ್. ಇದು ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಚಿಕ್ಕ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು. ವಿಷವಿಲ್ಲ. ಇಲಿಯಂಥ ಸಣ್ಣ ಪ್ರಾಣಿಗಳನ್ನು ಬಿಗಿದು, ರಕ್ತಸಂಚಾರ ನಿಲ್ಲಿಸಿ ಕೊಂದು, ಇಡಿಯಾಗಿ ನುಂಗುತ್ತದೆ. ಇಡಿಯಾಗಿ ಎಂಬುದು ಮುಖ್ಯ. ಇಲಿಯ ಎಲುಬಿನಿಂದ ಸುಣ್ಣದ ಅಂಶ, ಯಕೃತ್ತಿನಿಂದ ಜೀವಸತ್ವಗಳು ಅದಕ್ಕೆ ದೊರೆಯುತ್ತವೆ. ಆದ್ದರಿಂದ ಇಲಿ ಕಂಡರೆ ಹೇಸಿಗೆ ಎಂದು ಕೋಳಿಮಾಂಸದ ತುಂಡು ಹಾಕಿದರೆ ಹಾವು ಕ್ರಮೇಣ ಸೊರಗುತ್ತದೆ.

ಜೀವಂತ ಇಲಿ ಏಕೆ ಬೇಡ?

ಓದುಗರು ಬರೆದಿದ್ದಾರೆ: 'ಕಾಡಿನಲ್ಲಿ ಹಾವಿಗೆ ಸತ್ತ ಇಲಿಯನ್ನು ಯಾರು ತಂದುಕೊಡುತ್ತಾರೆ? ಬೋನಿಗೆ ಬಿದ್ದ ಇಲಿಯನ್ನು ಪೆಟ್ಟಿಗೆಗೆ ಬಿಟ್ಟರೆ ಪ್ರಕೃತಿಗೆ ಅನುಗುಣವಾಗಿಯೇ ಆಯಿತಲ್ಲ.' ಮೇಲ್ನೋಟಕ್ಕೆ ಸರಿಯಾದ ವಾದ. ಆದರೆ ಹೊಲಕ್ಕೂ ಗಾಜಿನ ಪೆಟ್ಟಿಗೆಗೂ ಒಂದು ವ್ಯತ್ಯಾಸವಿದೆ. ಹೊಲದಲ್ಲಿ ಹಸಿವಿಲ್ಲದ ಹಾವು ಇಲಿಯ ತಂಟೆಗೆ ಹೋಗುವುದಿಲ್ಲ, ಇಲಿಯೂ ಹಾವಿದ್ದ ಕಡೆ ನಿಲ್ಲುವುದಿಲ್ಲ. ಪೆಟ್ಟಿಗೆಯಲ್ಲಿ ಇಬ್ಬರಿಗೂ ಓಡಲು ಜಾಗವಿಲ್ಲ. ಹಾವಿಗೆ ಆ ದಿನ ಹಸಿವಿಲ್ಲದಿದ್ದರೆ ಅಥವಾ ಅದು ಪೊರೆ ಬಿಡುವ ಹೊತ್ತಾಗಿದ್ದು ಕಣ್ಣು ಮಂಜಾಗಿದ್ದರೆ ಅದು ಸುಮ್ಮನೆ ಮಲಗುತ್ತದೆ. ಇಲಿ ಸುಮ್ಮನಿರುವುದಿಲ್ಲ. ಅದಕ್ಕೂ ಹಸಿವು, ಅದಕ್ಕೂ ಪ್ರಾಣಭಯ. ರಾತ್ರಿ ಬಿಟ್ಟು ಮಲಗಿದ ಇಲಿ ಬೆಳಗಾಗುವುದರೊಳಗೆ ಹಾವಿನ ಬೆನ್ನನ್ನು ಎಲುಬು ಕಾಣುವವರೆಗೆ ಕೆರೆದು ತಿಂದಿರುವುದನ್ನು ಪಶುವೈದ್ಯರು ಕಾಣುತ್ತಾರೆ. ಇಲಿ ಹಾವನ್ನು ತಿಂದಿತು ಎಂದರೆ ನಮ್ಮ ಊರ ಕಟ್ಟೆಯ ಮೇಲೆ ಯಾರೂ ನಂಬಲಿಕ್ಕಿಲ್ಲ. ಆದರೆ ನಿಜ. ಬಾಯಿ, ಕಣ್ಣಿಗೆ ಆದ ಗಾಯ ಕೀವು ಕಟ್ಟಿ ಹಾವು ತಿಂಗಳುಗಟ್ಟಲೆ ಆಹಾರ ಬಿಡುವುದೂ ಉಂಟು.

ಇಲಿಯ ಪಾಡನ್ನೂ ಮರೆಯಬಾರದು. ಬೇಟೆಯ ದೃಶ್ಯವನ್ನು ನೋಡಿ ಆನಂದಿಸಲು, ಮೊಬೈಲಿನಲ್ಲಿ ಹಿಡಿದು ನಾಲ್ಕು ಜನರಿಗೆ ತೋರಿಸಲು ಜೀವಂತ ಪ್ರಾಣಿಯನ್ನು ಇನ್ನೊಂದರ ಬಾಯಿಗೆ ಒಡ್ಡುವವರಿದ್ದಾರೆ. ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದನ್ನು ತೋರಿಸುವ ತಂದೆತಾಯಿಗಳಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಇನ್ನು ಊರಿನ ಇಲಿ. ಸಾಕಿದ ಇಲಿಗಿಂತ ಇದು ಹೆಚ್ಚು ಅಪಾಯಕಾರಿ, ಕಾರಣ ಎರಡು.

ಒಂದು, ವಿಷ. ಜೋಳದ ಚೀಲ, ಕಡಲೆಯ ಕಣಜ, ಬಣವಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಇಲಿ ಇದ್ದಲ್ಲಿ ಯಾರಾದರೂ ವಿಷ ಇಟ್ಟೇ ಇಡುತ್ತಾರೆ. ಅಂಗಡಿಯಲ್ಲಿ ಬಿಸ್ಕತ್ತಿನ ತುಂಡಿನಂತೆ ಸಿಗುವ ಬ್ರೊಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ನಿಧಾನವಾಗಿ ಕುಂದಿ, ಕೆಲವು ದಿನಗಳಾದ ಮೇಲೆ ಒಳಗೇ ರಕ್ತ ಸೋರಿ ಸಾಯುತ್ತದೆ. ಅಲ್ಲಿಯವರೆಗೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಬೋನಿಗೂ ಬೀಳುತ್ತದೆ. ಅದನ್ನು ತಿಂದ ಹಾವು, ಬೆಕ್ಕು, ಗೂಬೆ ಯಾವುದಕ್ಕಾದರೂ ಆ ವಿಷ ದಾಟುತ್ತದೆ. ನಾವು ಇಲಿ ಪಾಷಾಣ ಎನ್ನುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲ ಹೊರಡಿಸುತ್ತದೆ. ಇಲಿಯ ಹೊಟ್ಟೆಯಲ್ಲಿ ಅರಗದೆ ಉಳಿದ ಪುಡಿ ತಿಂದವರ ಹೊಟ್ಟೆಯಲ್ಲಿ ಅದೇ ಕೆಲಸ ಮಾಡಬಲ್ಲದು. (ಮಾತಿನ ನಡುವೆ ಒಂದು ಎಚ್ಚರಿಕೆ: ಹಲ್ಲುಜ್ಜುವ ಪೇಸ್ಟಿನಂಥ ಕೊಳವೆಯಲ್ಲಿ ಬರುವ ಹಳದಿ ರಂಜಕದ ಇಲಿ ವಿಷ ಮನುಷ್ಯರ ಯಕೃತ್ತನ್ನೇ ಕೆಡಿಸುತ್ತದೆ. ಬಚ್ಚಲಿನ ಗೂಡಿನಲ್ಲಿ, ಮಕ್ಕಳ ಕೈಗೆ ಎಟಕುವಲ್ಲಿ ಅದನ್ನು ಎಂದೂ ಇಡಬೇಡಿ.)

ಎರಡು, ರೋಗ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ ಬರುತ್ತದೆ. ಮೂತ್ರ ಬೆರೆತ ನೀರು ಅಥವಾ ಕೆಸರು ಕೈಕಾಲಿನ ಗಾಯಕ್ಕೆ ತಗಲಿದರೆ ರೋಗಾಣು ಒಳಸೇರುತ್ತದೆ. ಗದ್ದೆಯ ಕೆಸರಿನಲ್ಲಿ ನಿಂತು ಕೆಲಸ ಮಾಡುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಜ್ವರ, ಮೀನಖಂಡದ ಸ್ನಾಯುಗಳಲ್ಲಿ ಸಹಿಸಲಾರದ ನೋವು, ಕೆಂಪಾದ ಕಣ್ಣು, ಕೆಲವರಲ್ಲಿ ಕಾಮಾಲೆ ಕಾಣಿಸುತ್ತವೆ. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕಗಳಿಂದಲೇ ಗುಣವಾಗುತ್ತದೆ, ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ಬೋನಿನೊಳಗಿನ ಇಲಿಯನ್ನು ಬರಿಗೈಯಲ್ಲಿ ಹಿಡಿಯಹೋಗಿ ಕಚ್ಚಿಸಿಕೊಂಡರೆ ಇಲಿ ಕಡಿತದ ಜ್ವರ ಎಂಬ ಇನ್ನೊಂದು ಬೇನೆಯೂ ಉಂಟು. ಗಾಯ ಮಾಯ್ದ ಮೇಲೆ, ಒಂದೆರಡು ವಾರ ಬಿಟ್ಟು ಜ್ವರ ಶುರುವಾಗುವುದರಿಂದ ಕಡಿತವನ್ನು ರೋಗಿಯೇ ಮರೆತಿರುತ್ತಾನೆ, ವೈದ್ಯರಿಗೆ ಹೇಳುವುದಿಲ್ಲ.

ಆದ್ದರಿಂದ ಊರಿನಿಂದ ಇಲಿ ಕಳುಹಿಸುವ ಯೋಚನೆಯನ್ನು ನೀವು ದಯಮಾಡಿ ಬಿಡಿ.

ಹೆಪ್ಪುಗಟ್ಟಿದ ಇಲಿ ಶುದ್ಧವೆ?

ಈ ವಿಷಯದಲ್ಲಿ ಮಗ ಆರಿಸಿಕೊಂಡ ದಾರಿ ಸರಿಯೇ. ಸಾಕಣೆಯಲ್ಲಿ ಬೆಳೆದು, ನೋವಾಗದಂತೆ ಕೊಂದು, ಹೆಪ್ಪುಗಟ್ಟಿಸಿದ ಇಲಿ ಹಾವನ್ನು ಕಚ್ಚುವುದಿಲ್ಲ, ವಿಷ ತಿಂದಿರುವುದಿಲ್ಲ. ಹಲವು ದಿನ ಹೆಪ್ಪುಗಟ್ಟಿದ ಸ್ಥಿತಿಯಲ್ಲಿದ್ದರೆ ಮೈಮೇಲಿನ ಉಣ್ಣೆ, ಚಿಗಟ ಮತ್ತು ಒಳಗಿನ ಕೆಲವು ಹುಳುಗಳೂ ಸಾಯುತ್ತವೆ.

ಆದರೆ ಇಲ್ಲಿಯೇ ಬಹಳ ಜನ ಎಡವುವುದು. ಚಳಿಗೆ ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದು ನಿದ್ದೆ ಹೋಗುತ್ತದೆ. ಮೊಸರನ್ನು ಫ್ರಿಜ್ಜಿನಲ್ಲಿಟ್ಟರೆ ಹುಳಿಯಾಗುವುದು ನಿಲ್ಲುತ್ತದೆ, ಹೊರಗಿಟ್ಟರೆ ಮತ್ತೆ ಹುಳಿಯಾಗುತ್ತದೆಯಲ್ಲ, ಹಾಗೆ. ಇಲಿಯ ಕರುಳಿನಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಆರು ತಿಂಗಳು ಫ್ರೀಜರಿನಲ್ಲಿದ್ದರೂ, ಕರಗಿದ ಮೇಲೆ ಎದ್ದು ಕೂರುತ್ತದೆ. ಇದು ಊಹೆಯ ಮಾತಲ್ಲ. 2008ರಿಂದೀಚೆಗೆ ಬ್ರಿಟನ್ನಿನಲ್ಲಿ ನೂರಾರು ಜನರಿಗೆ, 2010ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದೇ ಬಗೆಯ ಸಾಲ್ಮೊನೆಲ್ಲಾ ಭೇದಿ ಕಾಣಿಸಿಕೊಂಡಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಹಾವುಗಳ ಆಹಾರಕ್ಕೆಂದು ಮಾರುತ್ತಿದ್ದ ಹೆಪ್ಪುಗಟ್ಟಿದ ಇಲಿಗಳು. ಬ್ರಿಟನ್ನಿನಲ್ಲಿ ಹಾಸಿಗೆ ಹಿಡಿದವರಲ್ಲಿ ಮಕ್ಕಳೇ ಹೆಚ್ಚು. ಹಾವಿಗೆ ಊಟ ಹಾಕಿದವರು ದೊಡ್ಡವರು, ಭೇದಿಯಾದದ್ದು ಮಕ್ಕಳಿಗೆ. ನಡುವೆ ಇದ್ದದ್ದು ಕೈ, ಚಮಚೆ, ಅಡುಗೆಮನೆಯ ಕಟ್ಟೆ.

ಅಂದಮೇಲೆ ಅಜ್ಜಿಯ ಕೂಗು ವ್ಯರ್ಥವಲ್ಲ. ಬಟಾಣಿಯ ಪಕ್ಕದಲ್ಲಿ ಇಲಿ ಇರಕೂಡದು. ಅನುಕೂಲವಿದ್ದರೆ ಹಳೆಯದೊಂದು ಚಿಕ್ಕ ಫ್ರಿಜ್ಜನ್ನು ಇದಕ್ಕೇ ಮೀಸಲಿಡಲಿ. ಇಲ್ಲದಿದ್ದರೆ ಇಲಿಗಳನ್ನು ಎರಡು ಚೀಲಗಳಲ್ಲಿ ಕಟ್ಟಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಫ್ರೀಜರಿನ ಎಲ್ಲಕ್ಕಿಂತ ಕೆಳಗಿನ ಮೂಲೆಯಲ್ಲಿಡಲಿ. ಮೇಲಿಟ್ಟರೆ ಕರೆಂಟು ಹೋದಾಗ ಕರಗಿದ ನೀರು ಇಳಿಯುವುದು ನಿಮ್ಮ ಆಹಾರದ ಮೇಲೆಯೇ. ಕರೆಂಟು ಹೋದರೆ ಫ್ರೀಜರ್ ಬಾಗಿಲು ತೆರೆಯದಿದ್ದಲ್ಲಿ ಹಲವು ಗಂಟೆ ಏನೂ ಆಗದು. ಆದರೆ ಪೂರ್ತಿ ಮೆತ್ತಗಾದ ಇಲಿಯನ್ನು ಮತ್ತೆ ಹೆಪ್ಪುಗಟ್ಟಿಸಬಾರದು, ಎಸೆಯಬೇಕು. ಹೊಟ್ಟೆ ಹಸಿರಾಗಿದ್ದರೆ, ವಾಸನೆ ಬಂದರೆ ಕೇಳುವುದೇ ಬೇಡ.

ಕರಗಿಸುವ ಕ್ರಮದಲ್ಲಿ ಆತುರ ಸಲ್ಲದು. ಊಟ ಹಾಕುವ ಹಿಂದಿನ ರಾತ್ರಿ, ಇಲಿಯನ್ನು ಮುಚ್ಚಿದ ಡಬ್ಬಿಯಲ್ಲಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಇಡಬೇಕು. ಮರುದಿನ, ಚೀಲದ ಬಾಯಿ ಬಿಗಿದು, ಇದಕ್ಕೆಂದೇ ಇಟ್ಟ ಹಳೆಯ ಡಬರಿಯಲ್ಲಿ ಕೈ ತಾಳುವಷ್ಟು ಬಿಸಿಯ ನೀರು ಹಾಕಿ ಅದರಲ್ಲಿ ಮುಳುಗಿಸಬೇಕು. ಹೊಟ್ಟೆಯ ಮೇಲೆ ಒತ್ತಿ ನೋಡಿದರೆ ಒಳಗೆ ಗಡ್ಡೆ ಸಿಗಬಾರದು. ಹೊರಗೆ ಮೆತ್ತಗೆ, ಒಳಗೆ ಮಂಜು ಇರುವ ಇಲಿಯನ್ನು ನುಂಗಿದ ಹಾವು ಅದನ್ನು ಅರಗಿಸಲಾರದೆ ಎರಡು ಮೂರು ದಿನಗಳಲ್ಲಿ ಕಾರಿಕೊಳ್ಳುತ್ತದೆ. ಆ ವಾಂತಿಯ ನಾತ ಮತ್ತು ರೋಗಾಣುಗಳ ಮಟ್ಟ ಎರಡೂ ಹೇಳತೀರದು. ಮೈಕ್ರೋವೇವ್ ಒಲೆಯಲ್ಲಿ ಬಿಸಿ ಮಾಡುವುದಂತೂ ಕೂಡಲೇ ಕೂಡದು. ಒಂದು ಕಡೆ ಬೆಂದು ಒಂದು ಕಡೆ ತಣ್ಣಗಿರುತ್ತದೆ, ಹೊಟ್ಟೆ ಒಡೆಯುವುದೂ ಉಂಟು, ಅದೇ ಒಲೆಯಲ್ಲಿ ಸಂಜೆ ಮಗುವಿನ ಹಾಲು ಕಾಯಿಸುತ್ತೀರಿ.

ಬಿಸಿ ಏಕೆ ಬೇಕು ಎಂದರೆ, ಈ ಹಾವಿನ ತುಟಿಯ ಅಂಚಿನಲ್ಲಿ ಶಾಖವನ್ನು ಗುರುತಿಸುವ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಅದು ಬೇಟೆಯನ್ನು 'ನೋಡುವುದು' ಮೈಶಾಖದಿಂದ. ತಣ್ಣಗಿನ ಇಲಿ ಅದಕ್ಕೆ ಕಲ್ಲಿನಂತೆ. ಉಗುರುಬೆಚ್ಚಗಿದ್ದು, ಉದ್ದನೆಯ ಚಿಮುಟದಿಂದ ಬಾಲ ಹಿಡಿದು ಸ್ವಲ್ಪ ಅಲುಗಿಸಿದರೆ ಎಗರಿ ಹಿಡಿಯುತ್ತದೆ. ಕೈಯಲ್ಲಿ ಹಿಡಿದು ಕೊಡಬಾರದು. ಇಲಿಯ ವಾಸನೆ ಇರುವ ಬೆಚ್ಚಗಿನ ಬೆರಳಿಗೂ ಇಲಿಗೂ ವ್ಯತ್ಯಾಸ ಹಾವಿಗೆ ತಿಳಿಯದು. ಕಚ್ಚಿದರೆ ವಿಷವಿಲ್ಲದಿದ್ದರೂ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಇಲಿಯ ಗಾತ್ರ ಹಾವಿನ ನಡುವಿನ ದಪ್ಪದಷ್ಟಿದ್ದರೆ ಸಾಕು. ಊಟವಾದ ಮೇಲೆ ಎರಡು ದಿನ ಹಾವನ್ನು ಎತ್ತಿ ಆಡಿಸಬಾರದು. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಸುಮಾರು 31-32 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲಿ ಶಾಖವಿಲ್ಲದೆ ಬಿಟ್ಟರೆ ಒಳಗಿನ ಇಲಿ ಜೀರ್ಣವಾಗುವ ಮೊದಲೇ ಕೊಳೆಯಲು ತೊಡಗುತ್ತದೆ.

ಮೊಮ್ಮಗಳು ಮತ್ತು ಸೊಸೆ

ಪತ್ರವನ್ನು ಎರಡನೆಯ ಸಲ ಓದಿದಾಗ ನನ್ನ ನಗು ನಿಂತದ್ದು ಈ ಇಬ್ಬರನ್ನು ನೆನೆದು.

ಸಾಲ್ಮೊನೆಲ್ಲಾ ಇರುವುದು ಇಲಿಯಲ್ಲಿ ಮಾತ್ರವಲ್ಲ. ಹಾವು, ಆಮೆ, ಹಲ್ಲಿಗಳ ಕರುಳಿನಲ್ಲಿ ಅದು ಅವುಗಳಿಗೆ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮಲದ ಮೂಲಕ ಹೊರಬಂದು ಚರ್ಮಕ್ಕೆ, ನೀರಿನ ಬಟ್ಟಲಿಗೆ, ಪೆಟ್ಟಿಗೆಯ ಗಾಜಿಗೆ ಅಂಟುತ್ತದೆ. ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ. ಹೀಗಾಗಿ ಒಮ್ಮೆ ಪರೀಕ್ಷೆ ಮಾಡಿಸಿ 'ನಮ್ಮ ಹಾವು ಶುದ್ಧ' ಎನ್ನುವಂತಿಲ್ಲ. ದೊಡ್ಡವರಿಗೆ ತಗಲಿದರೆ ನಾಲ್ಕರಿಂದ ಏಳು ದಿನ ಜ್ವರ, ಹೊಟ್ಟೆನೋವು, ಭೇದಿ ಆಗಿ ಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ, 65 ದಾಟಿದ ಹಿರಿಯರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಲ್ಲಿ ಅದು ರಕ್ತಕ್ಕೆ ಸೇರಬಹುದು. ಕೂಸುಗಳಲ್ಲಿ ಮಿದುಳಿನ ಪೊರೆಗೂ ಹಬ್ಬಬಹುದು. ಎರಡೂವರೆ ವರ್ಷದ ಮಗು ಕೈ ತೊಳೆಯುವುದನ್ನು ಮರೆಯುವುದಿಲ್ಲ, ಅದಕ್ಕೆ ಅದು ಗೊತ್ತೇ ಇರುವುದಿಲ್ಲ. ಮುಟ್ಟಿದ ಕೈ ನೇರ ಬಾಯಿಗೆ. ಹಾವು ಮುಟ್ಟಿದ ಅಪ್ಪ ಅದೇ ಅಂಗಿಯಲ್ಲಿ ಮಗಳನ್ನು ಎತ್ತಿಕೊಂಡರೂ ಸಾಕು.

ಸೊಸೆಯ ವಿಚಾರ ಬೇರೆ. ಇಲಿಗಳ, ವಿಶೇಷವಾಗಿ ಸಣ್ಣ ಇಲಿಗಳ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ಎಲ್‌ಸಿಎಂ ಎಂಬ ವೈರಸ್ ಇರಬಹುದು. ಸಾಧಾರಣ ಆರೋಗ್ಯವಂತರಿಗೆ ಅದು ಬಂದು ಹೋದದ್ದು ಗೊತ್ತಾಗುವುದೇ ಕಡಿಮೆ. ಬಸುರಿಯರಿಗೆ ತಗಲಿದರೆ ಮಾತ್ರ ಗರ್ಭದಲ್ಲಿನ ಶಿಶುವಿನ ಕಣ್ಣಿಗೆ, ಮಿದುಳಿಗೆ ಹಾನಿಯಾಗಬಹುದು, ಗರ್ಭಪಾತವೂ ಆಗಬಹುದು. 2012ರಲ್ಲಿ ಅಮೆರಿಕದಲ್ಲಿ, ಹಾವುಗಳ ಆಹಾರಕ್ಕೆಂದು ಇಲಿ ಸಾಕುತ್ತಿದ್ದ ಕೇಂದ್ರವೊಂದರ ಕೆಲಸಗಾರರಲ್ಲೇ ಈ ಸೋಂಕು ಪತ್ತೆಯಾಗಿತ್ತು. ಅಪರೂಪವೆಂಬುದು ನಿಜ. ಆದರೆ ಬಸುರಿ ಹೆಣ್ಣುಮಗಳು ಇಲಿಯ ಚೀಲ ಮುಟ್ಟುವ, ಪೆಟ್ಟಿಗೆ ತೊಳೆಯುವ ಅಗತ್ಯವಾದರೂ ಏನಿದೆ? ಮನೆಯ ಉಳಿದ ಕೆಲಸದಲ್ಲಿ ಹಂಚಿಕೆ ಹೇಗಾದರೂ ಇರಲಿ, ಈ ಕೆಲಸ ಪೂರ್ತಿ ಮಗನದೇ ಆಗಬೇಕು.

ಊಟ ಹಾಕಿದ ಮೇಲೆ, ಪೆಟ್ಟಿಗೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ಉಜ್ಜಬೇಕು. ಡಬರಿ, ಚಿಮುಟ, ಕತ್ತರಿ ಎಲ್ಲ ಬೇರೆಯೇ ಇರಬೇಕು, ಅಡುಗೆಮನೆಯೊಳಗೆ ಬರಲೇಬಾರದು. ಹಾವಿನ ಪೆಟ್ಟಿಗೆ, ನೀರಿನ ಬಟ್ಟಲುಗಳನ್ನು ಪಾತ್ರೆ ತೊಳೆಯುವ ಕಟ್ಟೆಯಲ್ಲಾಗಲಿ ಮಗುವಿಗೆ ನೀರು ಹಾಕುವ ಬಚ್ಚಲಿನಲ್ಲಾಗಲಿ ತೊಳೆಯಬಾರದು. ತೊಳೆದ ನೀರು ಪಾಯಿಖಾನೆಗೆ ಹೋಗಲಿ, ಆಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ಒರೆಸಲಿ. ಹಾವನ್ನು ಹಾಸಿಗೆಯ ಮೇಲೆ, ಊಟದ ಮೇಜಿನ ಮೇಲೆ ಬಿಡುವ ಚಾಳಿ ಇದ್ದರೆ ಇಂದೇ ನಿಲ್ಲಲಿ.

ಮಗುವಿಗೆ ಜ್ವರದೊಡನೆ ಭೇದಿ ಶುರುವಾದರೆ, ಅದರಲ್ಲೂ ಮಲದಲ್ಲಿ ರಕ್ತ ಕಂಡರೆ, ಓ.ಆರ್.ಎಸ್. ದ್ರಾವಣ ಕುಡಿಸುತ್ತಾ ಕೂಡಲೇ ವೈದ್ಯರ ಬಳಿ ಒಯ್ಯಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿಯೇ ಕೊಡಬಾರದು. 'ಮನೆಯಲ್ಲಿ ಹಾವಿದೆ' ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಾಚಿಕೆಯಿಂದಲೋ ಹೆದರಿಕೆಯಿಂದಲೋ ಇದನ್ನು ಮುಚ್ಚಿಟ್ಟರೆ ವೈದ್ಯರು ಹೋಟೆಲಿನ ಊಟವನ್ನು ಬೈಯುತ್ತಾ ಕೂರುತ್ತಾರೆ.

ನನ್ನ ನೇರ ಅಭಿಪ್ರಾಯ ಕೇಳಿದರೆ, ಈ ಮನೆಯಲ್ಲಿ ಸದ್ಯಕ್ಕೆ ಹಾವು ಬೇಡ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪಗಳನ್ನು ಸಾಕಬಾರದೆಂಬುದು ಸಾರ್ವಜನಿಕ ಆರೋಗ್ಯ ತಜ್ಞರ ಸಲಹೆ. ಇನ್ನು ನಾಲ್ಕು ತಿಂಗಳಿಗೆ ಇನ್ನೊಂದು ಕೂಸು ಬರಲಿದೆ. ಮಕ್ಕಳು ದೊಡ್ಡವರಾಗುವವರೆಗೆ ಮಕ್ಕಳಿಲ್ಲದ ಸ್ನೇಹಿತರ ಮನೆಯಲ್ಲಿ, ಕಾನೂನಿನ ಪ್ರಕಾರ ಹೆಸರು ಬದಲಾಯಿಸಿ, ಅದು ಇರಲಿ. ಬಾಲ್ ಪೈಥಾನ್ ಇಪ್ಪತ್ತು ವರ್ಷ ಮೀರಿಯೂ ಬದುಕುವ ಪ್ರಾಣಿ, ಮಗನಿಗೆ ಅದರೊಡನೆ ಕಳೆಯಲು ಇನ್ನೂ ಬೇಕಾದಷ್ಟು ವರ್ಷ ಉಳಿದಿರುತ್ತವೆ.

ಕಾನೂನು ಎಂದೆ. ಅದನ್ನೂ ಹೇಳಿಬಿಡುತ್ತೇನೆ. ವಿದೇಶಿ ಪ್ರಾಣಿ ಸಾಕಿದವರು ತಾವಾಗಿಯೇ ಮಾಹಿತಿ ಕೊಡಲು 2020ರಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ಅವಕಾಶ ಕೊಟ್ಟಿತ್ತು. ಆ ಬಳಿಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ನೋಂದಣಿಯ ನಿಯಮಗಳೂ ಬಂದವು. ಬಾಲ್ ಪೈಥಾನ್ ಈ ಪಟ್ಟಿಗೆ ಸೇರಿದೆ. ನೋಂದಣಿಯ ಕಾಗದ ಇದೆಯೇ ಎಂದು ಮಗನನ್ನು ಕೇಳಿ. ಇಲ್ಲದಿದ್ದರೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗವನ್ನು ವಿಚಾರಿಸುವುದು ಲೇಸು. ಗಾಬರಿಯಾಗಿ ಊರಿಗೆ ತಂದು ಹೊಲದಲ್ಲಿ ಬಿಡುವುದು ಬೇಡ. ಪರದೇಶದ ಹಾವು ನಮ್ಮ ಎರೆಹೊಲದಲ್ಲಿ ಸಾಯುತ್ತದೆ, ಇಲ್ಲವೆ ತನ್ನ ರೋಗವನ್ನು ಇಲ್ಲಿನ ಹಾವುಗಳಿಗೆ ಹಚ್ಚುತ್ತದೆ.

ನಮ್ಮ ದೇಶದ ಹಾವುಗಳನ್ನಂತೂ ಯಾರೂ ಸಾಕುವಂತಿಲ್ಲ. ನಮ್ಮ ಹೆಬ್ಬಾವು ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ, ಅಂಥ ಪ್ರಾಣಿಯನ್ನು ಹಿಡಿದಿಟ್ಟರೆ ಮೂರರಿಂದ ಏಳು ವರ್ಷ ಜೈಲು. ಎರಡು ತಲೆ ಹಾವು ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆಂಬ ಮಾತು ನಂಬಿ ಮಣ್ಣುಮುಕ್ಕ ಹಾವನ್ನು ಗಡಿಗೆಯಲ್ಲಿ ಮುಚ್ಚಿಟ್ಟವರ ಮನೆಗೆ ಬಂದದ್ದು ಪೊಲೀಸರೇ. ಹುಡುಗರು ಹೊಲದಲ್ಲಿ ಸಿಕ್ಕ ಸಣ್ಣ ಹಾವಿನ ಮರಿಯನ್ನು ಬಾಟಲಿಯಲ್ಲಿ ಹಾಕಿ ಹಾಲು, ಅನ್ನ ಕೊಟ್ಟು 'ಸಾಕುವ' ಆಟ ಇನ್ನೂ ಅಪಾಯದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಮರಿಗೆ ಹುಟ್ಟಿದ ದಿನವೇ ವಿಷವಿರುತ್ತದೆ. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬಿಟ್ಟು, ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಇದು ಇನ್ನೊಂದು ವಾರದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ಬೆಳೆದ ಬಾಲ್ ಪೈಥಾನಿಗೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಊಟ ಸಾಕು. ಹಲವು ಸಲ ಅದು ತಾನಾಗಿಯೇ ತಿಂಗಳುಗಟ್ಟಲೆ ಉಪವಾಸ ಮಾಡುತ್ತದೆ, ತೂಕ ಇಳಿಯದಿದ್ದರೆ ಚಿಂತೆಯಿಲ್ಲ. ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಒಂದು ಇಲಿ ಹಾಕಿ, ಅದು ಅರಗಿದ ಮೇಲೆ ಬಟ್ಟಲಿಗೆ ಹೊಸ ನೀರು ತುಂಬಿ, ಪೆಟ್ಟಿಗೆಯ ಶಾಖ ಮತ್ತು ಬೀಗ ಸರಿಯಿದೆಯೆಂದು ನೋಡಿ, ದಿನಕ್ಕೊಮ್ಮೆ ಇಣುಕಿ ನೀರು ಬದಲಿಸಲು ಹಾವಿನ ಪರಿಚಯವಿರುವ ಸ್ನೇಹಿತನೊಬ್ಬನ ಕೈಗೆ ಬೀಗದ ಕೈ ಕೊಟ್ಟು ಮಗ, ಸೊಸೆ, ಮೊಮ್ಮಗಳು ವಾರದ ಮಟ್ಟಿಗೆ ಅಳವಂಡಿಗೆ ಬರಬಹುದು. ಹಾವಿಗೆ ಊಟ ಹಾಕುವವರಿಲ್ಲ ಎಂಬ ನೆಪ ನಡೆಯುವುದಿಲ್ಲ ಎಂದು ನಾನು ಹೇಳಿದೆನೆಂದು ತಿಳಿಸಿ. ಹಾವನ್ನು ಮಾತ್ರ ಜೊತೆಗೆ ತರುವುದು ಬೇಡ. ಪಂಚಮಿಯ ದಿನ ಓಣಿಯ ಜನವೆಲ್ಲ ಹಾಲಿನ ಬಟ್ಟಲು ಹಿಡಿದು ನಿಮ್ಮ ಅಂಗಳದಲ್ಲಿ ನಿಂತಾರು.